ಪಕ್ಕಪಕ್ಕದ ಎಲೆಗಳು

ಮಾರ್ಚ್ 3, ಸೋಮವಾರ

ದಿನಚರಿ ಬರೆಯುವ ಚಾಳಿ ನನಗೆ ಯಾವತ್ತೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಮಾತಾಡಿದವಳಿಗೆ ಮನೆಗೆ ಬಂದು ಬರೆಯುವಂಥದ್ದೇನು ಉಳಿದಿರುತ್ತದೆ? ಈಗ ಬೇರೆ ದಾರಿ ಇಲ್ಲ. ಶುಕ್ರವಾರ ನನ್ನ ಗಂಟಲೊಳಗೆ ಬೆಳೆದಿದ್ದ ಗಂಟನ್ನು ತೆಗೆದರು. ಕೆಟ್ಟ ಗಂಟಲ್ಲವಂತೆ, ಕೂಗಿ ಕೂಗಿ ಆದದ್ದಂತೆ. ಮೂರು ವಾರ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದು ವೈದ್ಯರು ಹೇಳಿದ್ದಾರೆ.

“ಧ್ವನಿ ಮೊದಲಿನ ಹಾಗೇ ಬರುತ್ತಾ?” ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ.

“ಮಾತು ಬರುತ್ತೆ. ಅದೇ ಧ್ವನಿ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ” ಎಂದರು.

ಕೆಳಗಿನ ಮನೆಯ ಒಡತಿ ಗಂಜಿ ತಂದುಕೊಟ್ಟು, “ಬಿಸಿ ಇದೆ! ನೋಡ್ಕೊಂಡು ಕುಡೀರಿ!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದರು. ನನ್ನ ಬಾಯಿ ಕಟ್ಟಿದೆಯೇ ಹೊರತು ಕಿವಿ ಕಟ್ಟಿಲ್ಲ ಎಂದು ಬರೆಯುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿತ್ತು.

ಊರಿನ ಅರ್ಧ ಜನಕ್ಕೆ ನನ್ನ ಧ್ವನಿ ಗೊತ್ತು. ಮುಖ ಗೊತ್ತಿರುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಾಲ್ಕು ದಿನದಿಂದ ಯಾರೂ ನೋಡಲು ಬಂದಿಲ್ಲ. ಬರಲಿ ಅಂತಲೂ ನಾನು ಕಾಯುತ್ತಿಲ್ಲ.

ಮಾರ್ಚ್ 9, ಭಾನುವಾರ

ಹನ್ನೊಂದು ಗಂಟೆಗೆ ಫೋನ್ ರಿಂಗಾಯಿತು. ಅಭ್ಯಾಸಬಲದಿಂದ ಎತ್ತಿಬಿಟ್ಟೆ.

“ಅಕ್ಕಾ?”

ತಂಗಿ. ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅಮ್ಮ ಕಣ್ಣು ಮುಚ್ಚಿದ ದಿನ ಬೆಳಗ್ಗೆಯೇ ಬಾ ಎಂದು ಹೇಳಿಕಳಿಸಿದ್ದರೂ ಅವಳು ಬಂದದ್ದು ಎಲ್ಲ ಮುಗಿದ ಮೇಲೆ. “ಹೆಣ ನೋಡಕ್ಕೆ ಬಂದ್ಯಾ? ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ” ಎಂದು ಹತ್ತು ಜನರ ಎದುರೇ ಅಂದೆ. ನನ್ನ ಧ್ವನಿ, ಕೇಳಬೇಕೇ, ಬೀದಿಯ ಕೊನೆಯವರೆಗೂ ಹೋಗಿರುತ್ತದೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಅವಳು ಫೋನ್ ಮಾಡುತ್ತಾಳೆ. ನಾನು “ರಾಂಗ್ ನಂಬರ್” ಎಂದು ಇಟ್ಟುಬಿಡುತ್ತೇನೆ.

ಇವತ್ತು ಆ ಎರಡು ಶಬ್ದ ಹೇಳಲಾಗಲಿಲ್ಲ. ಅದನ್ನು ಹೇಳದೆ ಫೋನ್ ಇಡುವುದು ಕೈಗೆ ರೂಢಿಯಿಲ್ಲವೋ ಏನೋ, ಹಿಡಿದುಕೊಂಡೇ ನಿಂತೆ.

“ಇಡಬೇಡ ಅಕ್ಕಾ. ಬೈದ್ರೂ ಪರವಾಗಿಲ್ಲ” ಎಂದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಅಡುಗೆಮನೆಯ ನಲ್ಲಿ ಸೋರುತ್ತಿರುವ ವಿಷಯ, ತಾನು ಕೆಲಸ ಮಾಡುವ ಬಟ್ಟೆ ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದ ವಿಷಯ, ಒಂದಕ್ಕೊಂದು ಸಂಬಂಧವಿಲ್ಲದೆ ಹೇಳಿದಳು. “ಇಷ್ಟೊತ್ತು ಹಿಡ್ಕೊಂಡಿದೀಯಲ್ಲ, ಸಾಕು” ಎಂದು ಅವಳೇ ಇಟ್ಟಳು.

ನನ್ನ ಗಂಟಲಿನ ವಿಷಯ ಅವಳಿಗೆ ಗೊತ್ತಿಲ್ಲ. ಕಾಗದ ಬರೆದು ತಿಳಿಸಬಹುದು. ಯಾಕೆ ತಿಳಿಸಬೇಕು?

ಮಾರ್ಚ್ 11, ಮಂಗಳವಾರ

ಗಂಟಲು ತೋರಿಸಲು ಹೋಗಿದ್ದೆ. ಆಪರೇಷನ್ ದಿನ ನನ್ನ ಕೈ ಹಿಡಿದುಕೊಂಡಿದ್ದ ನರ್ಸಮ್ಮ ಪಾಳಿ ಮುಗಿಸಿ ಹೊರಟಿದ್ದರು. “ಮನೇಲಿ ಏನ್ಮಾಡ್ತೀರಾ ಮೇಡಂ ಒಬ್ರೇ? ಬನ್ನಿ, ಬಾಯಿ ಬಿಚ್ಚದೆ ಆಡೋ ಆಟ ಒಂದಿದೆ” ಎಂದು ಎಳೆದುಕೊಂಡೇ ಹೋದರು.

ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆ. ದುಂಡು ಮೇಜು, ಆರು ಕುರ್ಚಿ, ಗೋಡೆ ತುಂಬ ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅಲ್ಲಿ ಪೋಕರ್ ಆಡುತ್ತಾರೆ. ದುಡ್ಡಿಲ್ಲ, ಪಣಕ್ಕೆ ಅಂಗಿ ಗುಂಡಿಗಳು. ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಬದುಕಿದ್ದರಿಂದ ಆ ಕಣ್ಣು ಸದಾ ಸ್ವಲ್ಪ ಕಿರಿದಾಗಿಯೇ ಇರುತ್ತದೆ. ಜೊತೆಗೆ ಮೂಲೆಯ ಔಷಧಿ ಅಂಗಡಿಯ ಕಾಂಪೌಂಡರ್, ಬಾಯಿ ತುಂಬ ನಗುವ ಮನುಷ್ಯ. ಇಬ್ಬರು ಬಸ್ ಡ್ರೈವರುಗಳು. ಅವರಿಗೆ ನಾನು ಯಾರೆಂದು ನರ್ಸಮ್ಮ ಹೇಳಿದಾಗ ಒಬ್ಬ ಎದ್ದು ನಿಂತ. “ನೀವೇನಾ ಅದು! ಹನ್ನೆರಡು ವರ್ಷದಿಂದ ನಿಮ್ಮ ಮಾತು ಕೇಳೇ ಬಸ್ ಎತ್ತಿದೀನಿ.”

ನಾನು ನೆಲ ನೋಡಿದೆ.

ಆಟ ಸುಲಭ. ಎಲ್ಲರಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಅದು ನಮ್ಮದು. ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಲೆ ತೆರೆಯುತ್ತಾರೆ. ಅದು ಎಲ್ಲರದು. ಕೂಡಿಸಿ ಐದೆಲೆಯ ಒಳ್ಳೆಯ ಕೈ ಯಾರದೋ ಅವರಿಗೆ ಗುಂಡಿ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಎಲೆ ಕೆಳಗಿಟ್ಟು ಬಿಡಬಹುದು. ಮೇಜು ಕುಟ್ಟಿದರೆ ಸುಮ್ಮನಿದ್ದೇನೆ ಎಂದರ್ಥ. ಮಾತು ಬೇಕಾಗಿಯೇ ಇಲ್ಲ.

ಎರಡು ಗಂಟೆ ಹೋದದ್ದು ತಿಳಿಯಲಿಲ್ಲ.

ಮಾರ್ಚ್ 14, ಶುಕ್ರವಾರ

ಎಕ್ಕದ ಜೋಡಿ, ರಾಜನ ಜೋಡಿ, ಹೆಚ್ಚೆಂದರೆ ರಾಣಿಯ ಜೋಡಿ. ಇವು ಬಂದರೆ ಮಾತ್ರ ಆಡುವುದು, ಉಳಿದದ್ದೆಲ್ಲ ಕೆಳಗೆ. ನನಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಎರಡು ಗಂಟೆಯಲ್ಲಿ ಮೂರೇ ಸಲ ಆಡಿದೆ, ಮೂರು ಸಲವೂ ನಾನು ಗುಂಡಿ ಮುಂದೆ ತಳ್ಳಿದ್ದೇ ತಡ ಎಲ್ಲರೂ ಎಲೆ ಬಿಟ್ಟರು.

“ನೀವು ಕೈ ಎತ್ತಿದ್ರೆ ಮೇಜೇ ಖಾಲಿಯಾಗುತ್ತಲ್ಲಮ್ಮಾ” ಎಂದರು ಯಜಮಾನರು. “ಖಾತ್ರಿ ಇದ್ದಾಗ ಮಾತ್ರ ಬರ್ತೀರಿ ಅಂತ ಎಲ್ರಿಗೂ ಗೊತ್ತಾಗಿಬಿಟ್ಟಿದೆ.”

ಹೋಗುವಾಗ ಅವರು ಇಸ್ಪೀಟಿನ ಏಳು, ಎಂಟು ಎರಡನ್ನೂ ಮೇಜಿನ ಮೇಲಿಟ್ಟು ತೋರಿಸಿದರು. “ಇಂಥವು ಬಂದಾಗ ಏನ್ಮಾಡ್ತೀರಿ?” ಎಲೆ ಕೆಳಗಿಡುವವಳಂತೆ ಕೈ ಆಡಿಸಿದೆ.

“ಪಕ್ಕಪಕ್ಕದ ಎಲೆ ಇವು. ಒಂಟಿಯಾಗಿ ನೋಡಿದ್ರೆ ಎರಡಕ್ಕೂ ಬೆಲೆ ಇಲ್ಲ. ಆದ್ರೆ ನಡುವೆ ಆರು, ಒಂಬತ್ತು, ಹತ್ತು ಬಿತ್ತು ಅನ್ನಿ, ಐದೂ ಸಾಲಾಗಿ ಕೂತ್ಕೊಳ್ತವೆ. ನಿಮ್ಮ ಎಕ್ಕದ ಜೋಡಿ ಅದರ ಮುಂದೆ ಏನೂ ಅಲ್ಲ. ಹೀಗೆ ಎರಡೂ ಇಸ್ಪೀಟೇ ಆಗಿ ಒಂದೇ ಬಣ್ಣದವಾದ್ರೆ ಇನ್ನೂ ವಾಸಿ, ಐದೂ ಒಂದೇ ಬಣ್ಣ ಸೇರಿದ್ರೆ ಸಾಲನ್ನೂ ಮೀರಿಸುತ್ತೆ.”

ಯಾವಾಗ ಆಡಬೇಕು ಎಂದು ಬರೆದೆ.

“ಅದೇ ಕಷ್ಟ” ಎಂದು ನಕ್ಕರು.

ಮಾರ್ಚ್ 16, ಭಾನುವಾರ

ಹನ್ನೊಂದಕ್ಕೆ ಸರಿಯಾಗಿ ಫೋನ್. ಎತ್ತಿದೆ. ಮಗಳಿಗೆ ಕನ್ನಡಕ ಬಂದಿದೆಯಂತೆ, ಹಾಕಿಕೊಂಡರೆ ಥೇಟ್ ದೊಡ್ಡಮ್ಮನ ಹಾಗೇ ಕಾಣುತ್ತಾಳಂತೆ. “ಸಿಟ್ಟು ಬಂದಾಗಂತೂ ನೀನೇ” ಎಂದು ನಕ್ಕಳು. ಮಗುವಿಗೆ ಈಗ ಒಂಬತ್ತಾಗಿರಬೇಕು. ನಾನು ಕೊನೆಯ ಸಲ ನೋಡಿದಾಗ ಮುಂದಿನ ಎರಡು ಹಲ್ಲು ಇರಲಿಲ್ಲ.

ಹದಿನೈದು ನಿಮಿಷ ಮಾತಾಡಿದಳು. ಕಿವಿ ಬಿಸಿಯಾಯಿತು.

ಮಾರ್ಚ್ 18, ಮಂಗಳವಾರ

ನನ್ನ ಗುಂಡಿಗಳೆಲ್ಲ ಹೋದವು, ಒಂದೂ ಬಿಡದೆ.

ಪಕ್ಕಪಕ್ಕದ ಎಲೆಗಳ ಹುಚ್ಚು ಹಿಡಿದಿತ್ತು. ಮೂರು-ನಾಲ್ಕು ಬಂದರೂ ಆಡಿದೆ, ಬೇರೆ ಬೇರೆ ಬಣ್ಣದ ಒಂಬತ್ತು-ಹತ್ತನ್ನೂ ಆಡಿದೆ. ಮೊದಲ ಸರದಿಯಲ್ಲಿ ಕೂತು ಆಡಿದೆ, ಡ್ರೈವರ್ ಆರು ಗುಂಡಿ ಏರಿಸಿದ ಮೇಲೂ ಆಡಿದೆ. ಒಂದು ಎಲೆ ಬಂದರೆ ಸಾಲಾಗುತ್ತದೆ ಎಂದು ಕಾದೆ. ಬರಲಿಲ್ಲ. ಇನ್ನೊಂದು ಸಲವೂ ಬರಲಿಲ್ಲ.

ಯಜಮಾನರು ಚಹಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. “ನೋಡಮ್ಮಾ, ಎಲೆ ನೋಡೋಕ್ಕಿಂತ ಮುಂಚೆ ಕುರ್ಚಿ ನೋಡ್ಬೇಕು. ನಿಮ್ಮ ಸರದಿ ಕೊನೇದಾ? ಹಾಗಿದ್ರೆ ಉಳಿದೋರು ಏನ್ಮಾಡಿದ್ರು ಅಂತ ಗೊತ್ತಿರುತ್ತೆ. ಎಷ್ಟು ಜನ ಬಂದಿದಾರೆ? ನಾಲ್ಕೈದು ಜನ ಒಂದೊಂದೇ ಗುಂಡಿ ಹಾಕಿದ್ರೆ ನೀವೂ ಒಂದು ಹಾಕಿ ನೋಡಿ. ಸೋತರೆ ಒಂದು, ಕೂಡಿ ಬಂದರೆ ರಾಶಿ. ಯಾರೋ ಆಗಲೇ ಜೋರಾಗಿ ಏರಿಸಿದಾರೆ, ಇರೋದು ಇಬ್ರೇ ಅಂದ್ರೆ ಬಿಟ್ಬಿಡಿ. ನಿಮ್ಮ ಹತ್ರ, ಅವರ ಹತ್ರ ಗುಂಡಿ ಕಮ್ಮಿ ಇದ್ರೂ ಬಿಟ್ಬಿಡಿ. ಗೆದ್ದರೂ ಏನೂ ಬರಲ್ಲ.”

ಚಹಾದ ಲೋಟ ಕೆಳಗಿಟ್ಟು, “ಒಳಗೆ ಬಂದ ಮೇಲೆ ಮೊದಲ ಮೂರು ಎಲೆ ನಿಮ್ಮನ್ನ ಮಾತಾಡಿಸ್ಲಿಲ್ಲ ಅಂದ್ರೆ, ಬೇಜಾರು ಮಾಡ್ಕೊಳ್ದೆ ಎದ್ದುಬಿಡಿ” ಎಂದರು.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಸಿಕ್ಕಿಸಿದ್ದೇನೆ.

ಮಾರ್ಚ್ 20, ಗುರುವಾರ

ಗಾಯ ಮಾಗಿಲ್ಲ. ಇನ್ನೂ ಮೂರು ವಾರ ಮಾತಿಲ್ಲ. ವೈದ್ಯರು ನನ್ನ ಮುಖ ನೋಡದೆ ಬರೆದುಕೊಟ್ಟರು.

ವಾಪಸ್ ಬರುವಾಗ ನಿಲ್ದಾಣದ ಮುಂದೆ ನಿಂತೆ. ನನ್ನ ಜಾಗದಲ್ಲಿ ಯಾರೋ ಹುಡುಗಿ ಕೂತು ಊರುಗಳ ಹೆಸರನ್ನು ನುಂಗುತ್ತಿದ್ದಳು.

ಮಾರ್ಚ್ 21, ಶುಕ್ರವಾರ

ಎರಡು ಎಕ್ಕ ಬಂದವು. ಎಂಟು ಗುಂಡಿ ಏರಿಸಿದೆ. ಎಲ್ಲರೂ ಬಿಟ್ಟರು, ಕಾಂಪೌಂಡರ್ ಒಬ್ಬರು ನಗುನಗುತ್ತಾ ಬಂದರು. ನಡುವೆ ನಾಲ್ಕು, ಏಳು, ರಾಜ. ಮತ್ತೆ ಏರಿಸಿದೆ, ಮತ್ತೆ ಬಂದರು. ಮೂರು ಬಿತ್ತು. ನನ್ನದೆಲ್ಲವನ್ನೂ ತಳ್ಳಿದೆ. ಅವರು ಎಲೆ ತಿರುಗಿಸಿದರು: ಐದು, ಆರು. ಮೂರರಿಂದ ಏಳರವರೆಗೆ ಸಾಲು ಸಾಲು. ಅವೆರಡಕ್ಕೆ ಬಣ್ಣ ಕೂಡ ಒಂದಾಗಿರಲಿಲ್ಲ!

“ಮನಸ್ಸು ಹೇಳ್ತು ಮೇಡಂ, ಬಂದೆ” ಎಂದು ಕೈ ಬಡಿದು ನಕ್ಕರು.

ನಾನು ಸ್ಲೇಟು ಎಳೆದುಕೊಂಡು ಬರೆದೆ: ನಿಮ್ಮಂಥ ಬುದ್ಧಿಯಿಲ್ಲದವರ ಜೊತೆ ಕೂತದ್ದೇ ನನ್ನ ತಪ್ಪು.

ಬಾಯಲ್ಲಿ ಅಂದಿದ್ದರೆ ಗಾಳಿಗೆ ಹೋಗುತ್ತಿತ್ತು. ಸ್ಲೇಟಿನ ಮೇಲೆ ಅದು ಹಾಗೇ ನಿಂತಿತ್ತು. ಅವರು ಓದಿದರು, ನರ್ಸಮ್ಮ ಓದಿದರು, ಡ್ರೈವರುಗಳು ಕತ್ತು ಚಾಚಿ ಓದಿದರು. ಕಾಂಪೌಂಡರ್ ತಮ್ಮ ಗುಂಡಿಗಳನ್ನೆಲ್ಲ ಡಬ್ಬಿಗೆ ಹಾಕಿ, “ಅಂಗಡಿ ತೆಗೀಬೇಕು” ಎಂದು ಎದ್ದುಹೋದರು. ಗಂಟೆ ಇನ್ನೂ ನಾಲ್ಕಾಗಿರಲಿಲ್ಲ.

ಮಾರ್ಚ್ 23, ಭಾನುವಾರ

ತಂಗಿ ಮಾತಾಡಿದಳು. ಏನು ಹೇಳಿದಳೆಂದು ಸರಿಯಾಗಿ ಕಿವಿಗೆ ಬೀಳಲಿಲ್ಲ.

ಮಾರ್ಚ್ 25, ಮಂಗಳವಾರ

ಹೋಗಲಿಲ್ಲ.

ಮಾರ್ಚ್ 28, ಶುಕ್ರವಾರ

ಗಡಿಯಾರದ ಅಂಗಡಿಯ ತಿರುವಿನವರೆಗೆ ಹೋಗಿ ಬಂದೆ. ಒಳಗೆ ಯಾರೋ ನಗುವುದು ಕೇಳಿಸಿತು. ಮನೆಗೆ ಬಂದು ಬಟ್ಟೆ ಒಗೆದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆನೆಂದು ಹಿಂಡುವಾಗ ಗೊತ್ತಾಯಿತು.

ಮಾರ್ಚ್ 30, ಭಾನುವಾರ

ಇವತ್ತು ಅವಳು ನಲ್ಲಿಯ ಸುದ್ದಿ, ಕನ್ನಡಕದ ಸುದ್ದಿ ಯಾವುದನ್ನೂ ಎತ್ತಲಿಲ್ಲ.

“ಅಕ್ಕಾ, ಒಂದು ಹೇಳ್ತೀನಿ, ಆಮೇಲೆ ಬೇಕಾದ್ರೆ ಇಟ್ಬಿಡು. ಅವತ್ತು ನಾನು ತಡವಾಗಿ ಬರ್ಲಿಲ್ಲ. ಹತ್ತು ಗಂಟೆಗೇ ನಿಮ್ಮೂರ ಬಸ್ ಸ್ಟ್ಯಾಂಡಲ್ಲಿ ಇಳಿದಿದ್ದೆ. ಅಮ್ಮ ಉಸಿರೆಳೆಯೋಕೆ ಒದ್ದಾಡ್ತಿದಾರೆ ಅಂತ ಹೇಳಿಕಳ್ಸಿದ್ಯಲ್ಲ, ಅದನ್ನ ನೋಡೋ ಧೈರ್ಯ ನಂಗಿರ್ಲಿಲ್ಲ. ಬೆಂಚಿನ ಮೇಲೆ ಕೂತೆ. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ ನಾಲ್ಕು ಗಂಟೆ ಹೊತ್ತು ಕೂತೆ. ನೀನು ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀಯೇನೋ ಅಂತ ಆ ಗಾಜಿನ ಕೋಣೆ ಕಡೆನೇ ನೋಡ್ತಿದ್ದೆ. ನೀನು ಮನೇಲಿದೀಯ ಅಂತ ಗೊತ್ತಿದ್ರೂ.”

ಅವಳು ಅಳುತ್ತಿದ್ದಳು. ನಾನು ಬಾಯಿ ತೆರೆದೆ. ಗಾಳಿ ಬಂತು. ವೈದ್ಯರ ಮುಖ ನೆನಪಾಗಿ ಮುಚ್ಚಿದೆ.

“ಏನಾದ್ರೂ ಅನ್ನು ಅಕ್ಕಾ. ರಾಂಗ್ ನಂಬರ್ ಅಂತನಾದ್ರೂ ಅನ್ನು.”

ಫೋನಿನ ಮೇಲೆ ಉಗುರಿನಿಂದ ಕುಟ್ಟಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಇಟ್ಟುಬಿಟ್ಟಳು.

ಕಾಗದ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಬರೆದದ್ದೆಲ್ಲ ಸ್ಲೇಟಿನ ಮೇಲಿನ ಆ ಸಾಲಿನ ಹಾಗೇ ಕಂಡಿತು.

ಮಾರ್ಚ್ 31, ಸೋಮವಾರ

ಔಷಧಿ ಅಂಗಡಿಗೆ ಹೋದೆ. ಗಿರಾಕಿಗಳೆಲ್ಲ ಹೋಗುವವರೆಗೆ ಕೆಮ್ಮಿನ ಮಾತ್ರೆಗಳ ಕಪಾಟು ನೋಡುತ್ತಾ ನಿಂತಿದ್ದು, “ತಪ್ಪಾಯಿತು” ಎಂದು ಸ್ಲೇಟಿನಲ್ಲಿ ಬರೆದು ಗಲ್ಲಾದ ಮೇಲಿಟ್ಟೆ.

ಕಾಂಪೌಂಡರ್ ಅದನ್ನು ಓದಿ, ಒರೆಸುವ ಬಟ್ಟೆ ತೆಗೆದು ಅವರೇ ಒರೆಸಿದರು. “ನೀವು ಅವತ್ತು ಬರ್ದಿದ್ದೂ ಸುಳ್ಳಲ್ಲ ಬಿಡಿ ಮೇಡಂ. ಐದು-ಆರು ಇಟ್ಕೊಂಡು ಎಂಟು ಗುಂಡಿಗೆ ಬರೋನು ಬುದ್ಧಿವಂತ ಅಲ್ಲ. ಆದ್ರೆ ದಿನವಿಡೀ ಇಲ್ಲಿ ಅಳೆದು ತೂಗಿ ಕೊಡ್ತೀನಿ, ಒಂದು ಮಾತ್ರೆ ಹೆಚ್ಚಾಗಂಗಿಲ್ಲ, ಕಮ್ಮಿಯಾಗಂಗಿಲ್ಲ. ಅಲ್ಲಿ ಬಂದಾಗ್ಲೂ ಅಳೀಬೇಕಾ?”

ಇಬ್ಬರೂ ನಕ್ಕೆವು. ನನ್ನದು ಸದ್ದಿಲ್ಲದ ನಗು.

“ನಿಮ್ಮ ಕುರ್ಚಿ ಖಾಲಿ ಇದೆ” ಎಂದರು.

ಏಪ್ರಿಲ್ 1, ಮಂಗಳವಾರ

ಮೇಜಿನಲ್ಲಿ ನನ್ನದು ಮೊದಲ ಸರದಿ ಇದ್ದಾಗ ಎಂಟು-ಒಂಬತ್ತು ಬಂತು, ಒಂದೇ ಬಣ್ಣ. ನೋಡಲು ಚೆಂದ. ಹಿಂದೆ ಐದು ಜನ ಇನ್ನೂ ಏನು ಮಾಡುವರೋ ಗೊತ್ತಿಲ್ಲ. ಬಿಟ್ಟೆ. ಆಮೇಲೆ ನಡುವೆ ಏಳು, ಹತ್ತು, ಗುಲಾಮ ಬಿದ್ದವು. ಆಡಿದ್ದರೆ ಮೇಜೆಲ್ಲ ನನ್ನದು. ಯಜಮಾನರಿಗೆ ಹೇಗೋ ತಿಳಿಯಿತು, ಕಿರಿದಾದ ಆ ಕಣ್ಣಿನಿಂದ ನೋಡಿ, “ಬಿಟ್ಟಿದ್ದೇ ಸರಿ” ಎಂದರು.

ನನ್ನದು ಕೊನೆಯ ಸರದಿ ಇದ್ದಾಗ ಆರು-ಏಳು ಬಂತು. ನಾಲ್ಕು ಜನ ಒಂದೊಂದು ಗುಂಡಿ ಹಾಕಿದ್ದರು. ನಾನೂ ಹಾಕಿದೆ. ನಡುವೆ ರಾಜ, ರಾಣಿ, ಎರಡು ಬಿದ್ದವು. ಎಲೆ ಬಿಟ್ಟೆ. ಒಂದು ಗುಂಡಿ ತಾನೇ.

ಏಪ್ರಿಲ್ 6, ಭಾನುವಾರ

ಹನ್ನೊಂದಾಯಿತು. ಹನ್ನೆರಡಾಯಿತು. ಫೋನಿನ ತಂತಿ ಸರಿಯಾಗಿದೆಯೇ ಎಂದು ಎರಡು ಸಲ ನೋಡಿದೆ. ಎತ್ತಿ ಕಿವಿಗಿಟ್ಟರೆ ಗುಂಯ್ ಎನ್ನುತ್ತದೆ, ಕೆಟ್ಟಿಲ್ಲ.

ಒಂದು ಗಂಟೆಗೆ ಊಟ ಮಾಡಿದೆ.

ಏಪ್ರಿಲ್ 8, ಮಂಗಳವಾರ

ನಿಲ್ದಾಣದಿಂದ ಕಾಗದ ಬಂದಿದೆ. ಮುಂದಿನ ತಿಂಗಳಿಂದ ಪ್ರಕಟಣೆಗಳೆಲ್ಲ ಮೊದಲೇ ಮುದ್ರಿಸಿಟ್ಟ ಧ್ವನಿಯಲ್ಲಿ. ನನಗೆ ವಿಚಾರಣೆ ಕಿಟಕಿಯ ಕೆಲಸ.

ಮೇಜಿನಲ್ಲಿ ತೋರಿಸಿದೆ. ಡ್ರೈವರ್ ಓದಿ, “ಆ ರೆಕಾರ್ಡಿಗೆ ನಾನು ತಡವಾಗಿ ಬಂದ್ರೆ ಬೈಯಕ್ಕೆ ಬರುತ್ತಾ?” ಎಂದ. ನರ್ಸಮ್ಮ ನನ್ನ ಬೆನ್ನ ಮೇಲೆ ಕೈ ಇಟ್ಟು ಹಾಗೇ ಒಂದು ಆಟ ಮುಗಿಯುವವರೆಗೆ ಕೂತರು. ಅತ್ತುಬಿಡುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಎಲೆ ಹಂಚುವ ಸರದಿ ನನಗೆ ಬಂತು.

ಏಪ್ರಿಲ್ 10, ಗುರುವಾರ

“ಆ ಅನ್ನಿ” ಎಂದರು ವೈದ್ಯರು.

ಅಂದೆ. ಯಾರೋ ದಪ್ಪ ಗಂಟಲಿನ ಗಂಡಸು ಕೋಣೆಯೊಳಗೆ ಬಂದಂತಾಯಿತು. ತಿರುಗಿ ನೋಡಿದೆ, ನಿಜವಾಗಿಯೂ. ಗಾಯ ಮಾಗಿದೆಯಂತೆ, ಧ್ವನಿ ಇನ್ನು ಹೀಗೇ ಇರಬಹುದಂತೆ. ದಿನಕ್ಕೆ ಹತ್ತು ನಿಮಿಷ ಮಾತ್ರ ಮಾತು.

ದಾರಿಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಹತ್ತು ನಿಮಿಷವೂ ಹಾಗೇ ಉಳಿಯಿತು.

ಏಪ್ರಿಲ್ 11, ಶುಕ್ರವಾರ

ಎಲ್ಲರೂ ನಾನು ಬಾಯಿ ಬಿಡುವುದನ್ನೇ ಕಾಯುತ್ತಿದ್ದರು. ಸ್ಲೇಟು ತೆಗೆದೆ. “ಡಾಕ್ಟ್ರು ಬಿಟ್ಟ ಮೇಲೂ ಅದ್ಯಾಕೆ ಮೇಡಂ?” ಎಂದರು ನರ್ಸಮ್ಮ. ತಲೆ ಅಲ್ಲಾಡಿಸಿದೆ. ಈ ಧ್ವನಿಯನ್ನು ಮೊದಲು ಇಲ್ಲಿ ಖರ್ಚು ಮಾಡಲು ಮನಸ್ಸಾಗಲಿಲ್ಲ. ಯಾಕೋ.

ನನ್ನದು ಕೊನೆಯ ಸರದಿ. ಇಸ್ಪೀಟಿನ ಏಳು-ಎಂಟು. ನಾಲ್ಕು ಜನ ಒಂದೊಂದು ಗುಂಡಿಗೆ ಒಳಗಿದ್ದರು, ಎಲ್ಲರ ಹತ್ತಿರವೂ ರಾಶಿ ರಾಶಿ ಇತ್ತು. ಹಾಕಿದೆ. ತೆರೆದ ಮೂರರಲ್ಲಿ ರಾಣಿ ಮತ್ತು ಮೂರು ಇಸ್ಪೀಟು, ಒಂಬತ್ತು ಆಟಿನ್. ಇನ್ನೊಂದು ಇಸ್ಪೀಟು ಬಂದರೆ ಐದೂ ಒಂದೇ ಬಣ್ಣ. ಯಜಮಾನರು ಎರಡು ಹಾಕಿದರು, ಕಾಂಪೌಂಡರ್ ಮತ್ತು ನಾನು ಸರಿಗಟ್ಟಿದೆವು. ನಾಲ್ಕನೆಯದು ಡೈಮಂಡಿನ ಆರು. ಈಗ ಐದು ಬಂದರೂ ಸಾಲು, ಹತ್ತು ಬಂದರೂ ಸಾಲು. ಯಜಮಾನರು ನಾಲ್ಕು ಹಾಕಿದರು. ಕಾಂಪೌಂಡರ್ ಬಿಟ್ಟರು. ನಡುವೆ ಹದಿನೈದು ಗುಂಡಿ, ನಾನು ಹಾಕಬೇಕಾದ್ದು ನಾಲ್ಕು. ಕಾಣದ ನಲವತ್ತಾರು ಎಲೆಗಳಲ್ಲಿ ಹದಿನೈದು ನನ್ನವು. ಯಾವ ಲೆಕ್ಕದಿಂದ ನೋಡಿದರೂ ಹಾಕಬೇಕು. ಹಾಕಿದೆ.

ಕಳಾವರ್ ರಾಣಿ ಬಿತ್ತು.

ಏನೂ ಆಗಲಿಲ್ಲ. ಏಳು, ಎಂಟು ಹೇಗೆ ಬಂದವೋ ಹಾಗೇ ಕೈಯಲ್ಲಿದ್ದವು. ಯಜಮಾನರು ಮತ್ತೆ ಗುಂಡಿ ತಳ್ಳಿದರು. ನಾನು ಎಲೆ ಕೆಳಗಿಟ್ಟೆ. ಆಗ ಇದ್ದಕ್ಕಿದ್ದಂತೆ ನಗು ಬಂತು, ಸದ್ದಿನ ನಗು, ಹಳೆಯ ಬಸ್ಸಿನ ಎಂಜಿನ್ ಹಿಡಿದಂತೆ. ಆರು ಮಂದಿಯೂ ಬೆಚ್ಚಿಬಿದ್ದೆವು. “ಸೋತು ನಗ್ತಿದಾರಲ್ಲಪ್ಪ!” ಎಂದರು ಕಾಂಪೌಂಡರ್.

“ಸರಿಯಾಗಿ ಆಡಿ ಸೋತಿದಾರೆ ಕಣಯ್ಯ” ಎಂದರು ಯಜಮಾನರು. “ನಿನಗದು ಗೊತ್ತಾಗಲ್ಲ.”

ಏಪ್ರಿಲ್ 13, ಭಾನುವಾರ

ಹನ್ನೊಂದಕ್ಕೆ ಫೋನ್ ಬರಲಿಲ್ಲ. ಹನ್ನೊಂದೂಕಾಲಿಗೆ ನಾನೇ ತಿರುಗಿಸಿದೆ. ಅವಳ ನಂಬರನ್ನು ಬೆರಳು ಮರೆತಿರಲಿಲ್ಲ. ಆ ಕಡೆ ರಿಂಗಾಗುತ್ತಿರುವಾಗ ಇಡೋಣ ಎನ್ನಿಸಿತು. ಅಷ್ಟರಲ್ಲಿ ಎತ್ತಿದಳು.

“ಹಲೋ?”

“ನಾನು” ಎಂದೆ.

“ಯಾರು?”

“ಅಕ್ಕ.”

ಒಂದೇ ಉಸಿರಿಗೆ, “ಅಕ್ಕನಿಗೆ ಏನಾಯ್ತು? ನೀವ್ಯಾರು? ಆಸ್ಪತ್ರೆಯಿಂದ ಮಾತಾಡ್ತಿದೀರಾ? ಹೇಳಿ ಸಾರ್, ಅಕ್ಕ ಬದುಕಿದಾಳಾ?” ಎಂದಳು.



“ಬದುಕಿದಾಳೆ ಕಣೇ. ನಾನೇ. ಗಂಟಲು ಆಪರೇಷನ್ ಆಯ್ತು, ಧ್ವನಿ ಹೋಗಿ ಇನ್ಯಾರದೋ ಬಂದಿದೆ. ಸಾರ್ ಅಂತೆ, ಸಾರ್.”

ಅವಳು ನಂಬಲಿಲ್ಲ. “ನನ್ನ ಎಡಗೈ ಮೇಲೆ ಏನಿದೆ ಹೇಳಿ” ಎಂದಳು. “ಸುಟ್ಟ ಕಲೆ. ಇಸ್ತ್ರಿಪೆಟ್ಟಿಗೆ. ತಾಗಿಸಿದ್ದು ನಾನು, ಅಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ, ನೀನು ಹೇಳ್ಲೇ ಇಲ್ಲ” ಎಂದೆ.

ಆಗ ಅವಳು ಅತ್ತದ್ದು ಎಷ್ಟು ಹೊತ್ತೋ. ಸಾಕಾಗುವಷ್ಟು ಅತ್ತು, ತಕ್ಷಣ ಜಗಳಕ್ಕೆ ನಿಂತಳು. “ಅಷ್ಟು ವಾರ ಒಬ್ಳೇ ವಟವಟ ಅಂದ್ನಲ್ಲ! ಹುಚ್ಚಿ ಅಂದ್ಕೊಂಡ್ಯಾ? ಒಂದು ಕಾಗದ ಹಾಕಕ್ಕಾಗ್ಲಿಲ್ವಾ ನಿಂಗೆ?”

“ಹಾಕಿದ್ರೆ ನೀನು ಮಾತು ನಿಲ್ಲಿಸ್ತಿದ್ದೆ.”

ಆಮೇಲೆ ಮೆಲ್ಲಗೆ, “ಎಲ್ಲಾನೂ ಕೇಳಿಸ್ಕೊಂಡ್ಯಾ?” ಎಂದಳು.

“ಎಲ್ಲಾನೂ.”

“ಬೆಂಚಿಂದೂ?”

“ಅದೂ. ಅಮ್ಮನ್ನ ನೋಡೋಕೆ ನಂಗೂ ಭಯ ಆಗಿತ್ತು ಕಣೇ. ಅಡುಗೆಮನೇಲಿ ನಿಂತಿದ್ದೆ. ಅಮ್ಮ ಹೋದಾಗ ನಾನೂ ಪಕ್ಕದಲ್ಲಿರ್ಲಿಲ್ಲ.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಕೂಡ ಬರೆದಿರಲಿಲ್ಲ.

ಮುಂದಿನ ಶನಿವಾರ ಮಗಳನ್ನೂ ಕರೆದುಕೊಂಡು ಹತ್ತು ಗಂಟೆಯ ಬಸ್ಸಿಗೆ ಬರುತ್ತಾಳಂತೆ. ಇಳಿದ ತಕ್ಷಣ ಎಲ್ಲೂ ಕೂರಬೇಡ, ನಾನೇ ಬಸ್ಸಿನ ಬಾಗಿಲಿಗೆ ಬರುತ್ತೇನೆ ಎಂದಿದ್ದೇನೆ.

ಫೋನ್ ಇಟ್ಟಾಗ ಹನ್ನೆರಡು ಗಂಟೆ ಐದು ನಿಮಿಷ. ವೈದ್ಯರು ಹೇಳಿದ್ದು ದಿನಕ್ಕೆ ಹತ್ತು ನಿಮಿಷ. ಗುರುವಾರದವರೆಗಿನ ಮಾತೆಲ್ಲ ಇವತ್ತೇ ಮುಗಿದಿದೆ.